ದೊರೆಯೂ ಆಳುವ, ಜನರೂ ಆಳುವ ಲಿಕ್ಟೆನ್‌ಸ್ಟೈನ್

2025ರ ಅಕ್ಟೋಬರ್ 1ರಂದು ಭಾರತ ಮತ್ತು ಯುರೋಪಿನ ನಾಲ್ಕು ದೇಶಗಳ ನಡುವಿನ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಆ ನಾಲ್ಕರಲ್ಲಿ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್ ನಮಗೆ ಗೊತ್ತಿರುವ ಹೆಸರುಗಳೇ. ಉಳಿದದ್ದು ಲಿಕ್ಟೆನ್‌ಸ್ಟೈನ್. ಪೇಪರ್ ಓದುವಾಗ ಬಹಳ ಜನ ಅಲ್ಲಿ ತಡವರಿಸಿರುತ್ತಾರೆ. ಇದು ಊರಾ, ದೇಶವಾ, ಕಂಪನಿಯಾ?

ದೇಶವೇ. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಭಾರತಕ್ಕಿರುವ ಹಾಗೆ ಇದಕ್ಕೂ ಒಂದು ವೋಟು ಇದೆ. ಸ್ವಂತ ಕರೆನ್ಸಿ ಇಲ್ಲ, ಸೈನ್ಯ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಆದರೆ ದೊರೆ ಇದ್ದಾರೆ. ಬ್ರಿಟನ್ನಿನ ರಾಜನ ಹಾಗೆ ಸಹಿ ಹಾಕಿ ಕೈ ಬೀಸುವ ದೊರೆ ಅಲ್ಲ. ಸಂಸತ್ತು ಪಾಸು ಮಾಡಿದ ಕಾನೂನನ್ನು ಬೇಡ ಅನ್ನಬಲ್ಲ, ಸರ್ಕಾರವನ್ನೇ ಮನೆಗೆ ಕಳಿಸಬಲ್ಲ ದೊರೆ. ಹಾಗಂತ ಇದು ಸರ್ವಾಧಿಕಾರ ಅಂದುಕೊಂಡರೆ ಅದೂ ತಪ್ಪು. ಜನ ಮನಸ್ಸು ಮಾಡಿದರೆ ಮತ ಹಾಕಿ ಅರಸೊತ್ತಿಗೆಯನ್ನೇ ರದ್ದು ಮಾಡಬಹುದು ಅಂತ ಅದೇ ದೇಶದ ಸಂವಿಧಾನದಲ್ಲಿ ಬರೆದಿದೆ.

ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಅದಕ್ಕೆ ಈ ಮನೆತನದ ಕೈಗೆ ದೇಶ ಬಂದ ಬಗೆಯನ್ನು ಮೊದಲು ನೋಡಬೇಕು.

ಎಲ್ಲಿದೆ, ಎಷ್ಟಿದೆ

ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾ ನಡುವೆ, ಆಲ್ಪ್ಸ್ ಬೆಟ್ಟಗಳ ಬುಡದಲ್ಲಿದೆ. ಪಶ್ಚಿಮಕ್ಕೆ ರೈನ್ ನದಿ, ಅದರಾಚೆ ಸ್ವಿಟ್ಜರ್ಲೆಂಡ್. ಪೂರ್ವಕ್ಕೆ ಬೆಟ್ಟ, ಅದರಾಚೆ ಆಸ್ಟ್ರಿಯಾ. ವಿಸ್ತೀರ್ಣ 160 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 40 ಸಾವಿರ. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ಕಾರಿನಲ್ಲಿ ಅರ್ಧ ಗಂಟೆ ಸಾಕು. ರಾಜಧಾನಿ ವಾಡುಜ್. ಮಾತು ಜರ್ಮನ್. ದೇಶದಲ್ಲಿರುವುದು ಒಟ್ಟು 11 ಪಂಚಾಯಿತಿಗಳು.

ಸಮುದ್ರ ಇಲ್ಲದ ದೇಶಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ಇದರ ಸುತ್ತಲಿನ ದೇಶಗಳಿಗೂ ಸಮುದ್ರ ಇಲ್ಲ. ಹಾಗಿರುವ ದೇಶಗಳು ಎರಡೇ, ಇನ್ನೊಂದು ಉಜ್ಬೇಕಿಸ್ತಾನ.

ಮನೆತನ ಮೊದಲು, ದೇಶ ಆಮೇಲೆ

ಸಾಮಾನ್ಯವಾಗಿ ಒಂದು ದೇಶ ಇರುತ್ತದೆ, ಅದಕ್ಕೊಂದು ರಾಜಮನೆತನ ಬರುತ್ತದೆ. ಇಲ್ಲಿ ಉಲ್ಟಾ. ಲಿಕ್ಟೆನ್‌ಸ್ಟೈನ್ ಅನ್ನುವುದು ಮೊದಲು ಮನೆತನದ ಹೆಸರು. ವಿಯೆನ್ನಾ ಪಕ್ಕದ ಒಂದು ಕೋಟೆಯಿಂದ ಬಂದ ಹೆಸರು ಅದು. ಈ ದೇಶಕ್ಕೂ ಆ ಕೋಟೆಗೂ ನೂರಾರು ಕಿಲೋಮೀಟರ್ ದೂರ.

ಹದಿನೇಳನೇ ಶತಮಾನದ ಕೊನೆಯ ಹೊತ್ತಿಗೆ ಈ ಮನೆತನ ಭಾರೀ ಶ್ರೀಮಂತವಾಗಿತ್ತು. ಇವತ್ತಿನ ಜೆಕ್ ಗಣರಾಜ್ಯ ಮತ್ತು ಆಸ್ಟ್ರಿಯಾದಲ್ಲಿ ಲೆಕ್ಕವಿಲ್ಲದಷ್ಟು ಜಮೀನು ಇತ್ತು. ಚಕ್ರವರ್ತಿಯ ಆಸ್ಥಾನದಲ್ಲಿ ದೊಡ್ಡ ಹುದ್ದೆಗಳಿದ್ದವು. ಆದರೂ ಒಂದು ಕೊರತೆ. ಆಗ ಮಧ್ಯ ಯುರೋಪಿನ ಬಹುಭಾಗ ಪವಿತ್ರ ರೋಮನ್ ಸಾಮ್ರಾಜ್ಯದ ಒಳಗಿತ್ತು. ಅದು ನೂರಾರು ಚಿಕ್ಕಪುಟ್ಟ ಸಂಸ್ಥಾನಗಳ ಒಕ್ಕೂಟ. ಅದಕ್ಕೊಂದು ಮಹಾಸಭೆ, ಅದರಲ್ಲಿ ದೊರೆಗಳಿಗೆ ಬೇರೆಯೇ ಒಂದು ಮಂಡಳಿ. ಆ ಮಂಡಳಿಯಲ್ಲಿ ಗಟ್ಟಿಯಾಗಿ ಕೂರಬೇಕಾದರೆ ನೇರವಾಗಿ ಚಕ್ರವರ್ತಿಯ ಕೆಳಗೇ ಬರುವ ಭೂಮಿ ನಿಮ್ಮ ಹೆಸರಲ್ಲಿ ಇರಬೇಕು, ನಡುವೆ ಇನ್ನೊಬ್ಬ ಒಡೆಯ ಇರಬಾರದು. ಲಿಕ್ಟೆನ್‌ಸ್ಟೈನ್ ಮನೆತನದ ಅಷ್ಟೂ ಜಮೀನಿಗೆ ನಡುವೆ ಒಬ್ಬ ಒಡೆಯ ಇದ್ದ. ಹಣ ಇತ್ತು, ಕುರ್ಚಿ ಇರಲಿಲ್ಲ.

ಸಹಕಾರ ಸಂಘದ ಚುನಾವಣೆಗೆ ನಿಲ್ಲಬೇಕು ಅಂದರೆ ಆ ಊರಿನಲ್ಲಿ ಹೆಸರಿಗೆ ಒಂದು ಪಹಣಿ ಇರಬೇಕು ಅಂತ, ಯಾರೋ ಸಾಲಗಾರ ಮಾರುತ್ತಿರುವ ಬಂಜರು ತುಂಡನ್ನು ಕೊಂಡುಬಿಡುತ್ತಾರಲ್ಲ, ಆಮೇಲೆ ಆ ಹೊಲದ ಕಡೆ ತಲೆಯೂ ಹಾಕುವುದಿಲ್ಲ. ಇಲ್ಲಿ ಆಗಿದ್ದೂ ಅದೇ. ರೈನ್ ದಂಡೆಯ ಎರಡು ಪುಟ್ಟ ಸೀಮೆಗಳ ಒಡೆಯರಾದ ಹೊಹೆನೆಮ್ಸ್ ಕೌಂಟ್‌ಗಳು ಸಾಲದಲ್ಲಿ ಮುಳುಗಿದ್ದರು. ಆ ಸೀಮೆಗಳಿಗೆ ಚಕ್ರವರ್ತಿ ಬಿಟ್ಟರೆ ಬೇರೆ ಮೇಲೊಡೆಯ ಇರಲಿಲ್ಲ. ಲಿಕ್ಟೆನ್‌ಸ್ಟೈನ್ ಮನೆತನದ ಯೋಹಾನ್ ಆದಂ ಆಂಡ್ರಿಯಾಸ್ 1699ರಲ್ಲಿ ಶೆಲ್ಲೆನ್‌ಬರ್ಗ್ ಸೀಮೆಯನ್ನು 1,15,000 ಗಿಲ್ಡರ್ ಕೊಟ್ಟು ಕೊಂಡರು. 1712ರಲ್ಲಿ ವಾಡುಜ್ ಸೀಮೆಯನ್ನು 2,90,000 ಗಿಲ್ಡರ್‌ಗೆ ಕೊಂಡರು. ಅದೇ ವರ್ಷ ತೀರಿಕೊಂಡರು.

1719ರ ಜನವರಿ 23ರಂದು ಆರನೇ ಚಾರ್ಲ್ಸ್ ಚಕ್ರವರ್ತಿ ಎರಡೂ ಸೀಮೆಗಳನ್ನು ಸೇರಿಸಿ ಒಂದು ಸಂಸ್ಥಾನ ಮಾಡಿ, ಮನೆತನದ ಹೆಸರನ್ನೇ ಅದಕ್ಕೆ ಇಟ್ಟರು. ಅಲ್ಲಿಗೆ ಕೆಲಸ ಆಯಿತು. ದೊರೆಗಳು ವಿಯೆನ್ನಾದಲ್ಲೇ ಇದ್ದರು. ಆಳುತ್ತಿರುವ ದೊರೆಯೊಬ್ಬರು ತಮ್ಮ ಈ ದೇಶವನ್ನು ಮೊದಲ ಸಲ ಕಣ್ಣಾರೆ ನೋಡಿದ್ದು 1842ರಲ್ಲಿ. ಅಂದರೆ ದೇಶ ಹುಟ್ಟಿ ನೂರು ವರ್ಷ ದಾಟಿದ ಮೇಲೆ!

ಸಾಮ್ರಾಜ್ಯ ಹೋಯಿತು, ಸಂಸ್ಥಾನ ಉಳಿಯಿತು

1806ರಲ್ಲಿ ನೆಪೋಲಿಯನ್ ಹೊಡೆತಕ್ಕೆ ಪವಿತ್ರ ರೋಮನ್ ಸಾಮ್ರಾಜ್ಯ ಮುಗಿಯಿತು. ಯಾವ ಸಭೆಯ ಕುರ್ಚಿಗಾಗಿ ಜಾಗ ಕೊಂಡರೋ ಆ ಸಭೆಯೇ ಇಲ್ಲವಾಯಿತು. ಅಕ್ಕಪಕ್ಕದ ಎಷ್ಟೋ ಸಂಸ್ಥಾನಗಳನ್ನು ದೊಡ್ಡವರು ನುಂಗಿದರು. ಇದು ಉಳಿದುಕೊಂಡಿತು. ಆಗಿನ ದೊರೆ ಒಂದನೇ ಯೋಹಾನ್ ಆಸ್ಟ್ರಿಯಾದ ಸೇನಾಧಿಕಾರಿ, ನೆಪೋಲಿಯನ್ ಎದುರು ಯುದ್ಧ ಮಾಡಿದವರು, ಆಮೇಲೆ ಆಸ್ಟ್ರಿಯಾ ಪರವಾಗಿ ಸಂಧಾನಕ್ಕೂ ಕೂತವರು. ನೆಪೋಲಿಯನ್ ಈ ಸಂಸ್ಥಾನವನ್ನು ತನ್ನ ರೈನ್ ಒಕ್ಕೂಟಕ್ಕೆ ಸೇರಿಸಿಕೊಂಡ. ಒಕ್ಕೂಟದ ದೊರೆ ಶತ್ರು ಸೈನ್ಯದಲ್ಲಿ ಇರುವಂತಿರಲಿಲ್ಲ. ಅದಕ್ಕೆ ಯೋಹಾನ್ ತಮ್ಮ ಪುಟ್ಟ ಮಗನ ಹೆಸರಿಗೆ ಪಟ್ಟ ಬರೆದು ತಾವು ಆಸ್ಟ್ರಿಯಾ ಸೇವೆಯಲ್ಲೇ ಮುಂದುವರಿದರು. ಕಾಗದದ ಮೇಲೆ ಎಲ್ಲವೂ ಸರಿ. ಸಂಸ್ಥಾನ ಮಾತ್ರ ಸ್ವತಂತ್ರ ರಾಷ್ಟ್ರವಾಗಿಬಿಟ್ಟಿತ್ತು.

1866ರಲ್ಲಿ ಆಸ್ಟ್ರಿಯಾಕ್ಕೂ ಪ್ರಷ್ಯಾಕ್ಕೂ ಯುದ್ಧವಾದಾಗ ಲಿಕ್ಟೆನ್‌ಸ್ಟೈನ್ 80 ಜನರ ತುಕಡಿಯನ್ನು ಆಲ್ಪ್ಸ್‌ನ ಒಂದು ಕಣಿವೆ ಕಾಯಲು ಕಳಿಸಿತ್ತು. ಅವರು ಯಾರ ಜೊತೆಗೂ ಹೊಡೆದಾಡಲಿಲ್ಲ. ಹೋದವರು 80, ವಾಪಸ್ ಬಂದವರು 81, ದಾರಿಯಲ್ಲಿ ಒಬ್ಬ ಗೆಳೆಯ ಸಿಕ್ಕ ಅಂತ ಒಂದು ಕಥೆಯನ್ನು ಅಲ್ಲಿನವರು ಈಗಲೂ ಹೇಳುತ್ತಾರೆ. 1868ರಲ್ಲಿ ಸೈನ್ಯವನ್ನೇ ವಿಸರ್ಜಿಸಿದರು. ಖರ್ಚು ಉಳಿಯಿತು. ಮತ್ತೆ ಕಟ್ಟಲೇ ಇಲ್ಲ.

ಆಸ್ಟ್ರಿಯಾ ಬಿಟ್ಟು ಸ್ವಿಟ್ಜರ್ಲೆಂಡ್ ಕಡೆಗೆ

1852ರಿಂದ ಆಸ್ಟ್ರಿಯಾದ ಜೊತೆ ಸುಂಕ ಒಕ್ಕೂಟ ಇತ್ತು. ಸುಂಕ ಒಕ್ಕೂಟ ಅಂದರೆ ಎರಡೂ ದೇಶಗಳ ನಡುವೆ ಕಸ್ಟಮ್ಸ್ ಗೇಟ್ ಇರುವುದಿಲ್ಲ, ಹೊರಗಿನಿಂದ ಬರುವ ಸರಕಿಗೆ ಇಬ್ಬರದೂ ಒಂದೇ ಸುಂಕ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾ ಸೋತಿತು, ಅದರ ಹಣಕ್ಕೆ ಬೆಲೆ ಇಲ್ಲದಾಯಿತು. ಅದೇ ಹಣ ಬಳಸುತ್ತಿದ್ದ ಲಿಕ್ಟೆನ್‌ಸ್ಟೈನ್ ಜನರ ಉಳಿತಾಯವೂ ಕರಗಿಹೋಯಿತು. 1919ರಲ್ಲಿ ಆಸ್ಟ್ರಿಯಾದ ಒಪ್ಪಂದ ಮುರಿದು ಇನ್ನೊಂದು ಪಕ್ಕಕ್ಕೆ ತಿರುಗಿದರು. 1923ರಲ್ಲಿ ಸ್ವಿಟ್ಜರ್ಲೆಂಡ್ ಜೊತೆ ಸುಂಕ ಒಪ್ಪಂದಕ್ಕೆ ಸಹಿ ಬಿತ್ತು, 1924ರ ಜನವರಿ 1ರಿಂದ ಜಾರಿ. ಅಂದಿನಿಂದ ಇಂದಿನವರೆಗೂ ಅಲ್ಲಿ ಓಡುವುದು ಸ್ವಿಸ್ ಫ್ರಾಂಕ್.

ಹೀಗೆ ಅಕ್ಕಪಕ್ಕದ ದೇಶಗಳನ್ನು ನೆಚ್ಚಿಕೊಂಡದ್ದಕ್ಕೆ ಮೊದಲೇ ಬೆಲೆಯನ್ನೂ ತೆತ್ತಿದ್ದರು. 1920ರಲ್ಲಿ, ವಿಶ್ವಸಂಸ್ಥೆಗೂ ಮೊದಲು ಅದರ ಜಾಗದಲ್ಲಿದ್ದ ಲೀಗ್ ಆಫ್ ನೇಷನ್ಸ್‌ಗೆ ಸೇರಲು ಅರ್ಜಿ ಹಾಕಿದಾಗ, ನೀವು ದೇಶ ನಡೆಸುವ ಕೆಲಸಗಳನ್ನೆಲ್ಲ ಬೇರೆಯವರಿಗೆ ವಹಿಸಿದ್ದೀರಿ, ಸೈನ್ಯವೂ ಇಲ್ಲ ಅಂತ ಅರ್ಜಿ ತಿರಸ್ಕರಿಸಿದರು. ಈ ಮಾತು ಆ ದೇಶಕ್ಕೆ ಬಹಳ ನಾಟಿರಬೇಕು. ಮುಂದೆ ಅದು ನಡೆದ ದಾರಿ ನೋಡಿದರೆ ಹಾಗೇ ಅನ್ನಿಸುತ್ತದೆ.

1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಅದೇ ವರ್ಷ ಪಟ್ಟಕ್ಕೆ ಬಂದ ಎರಡನೇ ಫ್ರಾಂಜ್ ಯೋಸೆಫ್ ವಾಡುಜ್ ಕೋಟೆಗೆ ವಾಸಕ್ಕೆ ಬಂದರು. ದೇಶದೊಳಗೇ ಮನೆ ಮಾಡಿದ ಮೊದಲ ದೊರೆ ಅವರೇ. ಪರಸ್ಪರ ಕಚ್ಚಾಡುತ್ತಿದ್ದ ಎರಡು ಪಕ್ಷಗಳು ಗಾಬರಿಯಿಂದ ಕೈಜೋಡಿಸಿ ಒಂದೇ ಸರ್ಕಾರ ಮಾಡಿದವು. ಆ ಮೈತ್ರಿ 1997ರವರೆಗೆ ನಡೆಯಿತು! 1939ರ ಮಾರ್ಚ್‌ನಲ್ಲಿ ಸ್ಥಳೀಯ ನಾಜಿಗಳು ಅಧಿಕಾರ ಹಿಡಿಯಲು ಹೊರಟು ವಿಫಲರಾದರು. ಯುದ್ಧದುದ್ದಕ್ಕೂ ದೇಶ ತಟಸ್ಥವಾಗಿತ್ತು.

ಯುದ್ಧ ಮುಗಿಯುವ ಹೊತ್ತಿಗೆ, 1945ರ ಮೇ ತಿಂಗಳ ಒಂದು ರಾತ್ರಿ, ಜರ್ಮನಿಯ ಪರ ಹೋರಾಡಿದ್ದ ಸುಮಾರು 500 ಜನ ರಷ್ಯನ್ನರು ಗಡಿ ದಾಟಿ ಒಳಗೆ ಬಂದರು. ಸೋವಿಯತ್ ಅಧಿಕಾರಿಗಳು ಬಂದು ನಮ್ಮವರನ್ನು ನಮಗೆ ಕೊಡಿ ಅಂದರು. ಬೇರೆ ಕಡೆ ಬ್ರಿಟನ್‌ನಂಥ ದೊಡ್ಡ ದೇಶಗಳೇ ಇಂಥವರನ್ನು ಒಪ್ಪಿಸುತ್ತಿದ್ದವು. ಸೈನ್ಯವೇ ಇಲ್ಲದ ಲಿಕ್ಟೆನ್‌ಸ್ಟೈನ್ ಮಾತ್ರ, ಹೋಗಲು ಇಷ್ಟವಿರುವವರು ಹೋಗಲಿ, ಬಲವಂತವಾಗಿ ಯಾರನ್ನೂ ಕಳಿಸುವುದಿಲ್ಲ ಅಂತ ಕೂತಿತು. ಉಳಿದವರಲ್ಲಿ ಬಹಳ ಜನ ಆಮೇಲೆ ಅರ್ಜೆಂಟೀನಾಕ್ಕೆ ಹೋದರು.

ಆಳುವವರು ಯಾರು?

1921ರ ಸಂವಿಧಾನದ ಪ್ರಕಾರ ಅಧಿಕಾರ ಇಬ್ಬರದು, ದೊರೆಯದು ಮತ್ತು ಜನರದು. ನಮ್ಮಲ್ಲಿ ಅಧಿಕಾರದ ಮೂಲ ಜನರು ಅಂತ ಒಂದೇ ಮಾತು. ಅಲ್ಲಿ ಎರಡು ಕಂಬ. ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ.

ಮೊದಲು ಜನರ ಕಡೆ. ಸಂಸತ್ತಿನ ಹೆಸರು ಲಾಂಡ್‌ಟಾಗ್. 25 ಸದಸ್ಯರು, ನಾಲ್ಕು ವರ್ಷದ ಅವಧಿ. ಹಳೆಯ ವಾಡುಜ್ ಸೀಮೆಯಿಂದ 15, ಹಳೆಯ ಶೆಲ್ಲೆನ್‌ಬರ್ಗ್ ಸೀಮೆಯಿಂದ 10. ಮುನ್ನೂರು ವರ್ಷದ ಹಿಂದಿನ ಆ ಎರಡು ಖರೀದಿಗಳ ಗೆರೆ ಇವತ್ತಿನ ಮತಕ್ಷೇತ್ರದ ನಕ್ಷೆಯಲ್ಲೂ ಹಾಗೇ ಇದೆ ನೋಡಿ. ಒಂದು ಪಕ್ಷಕ್ಕೆ ಕನಿಷ್ಠ 8% ಮತ ಬರದಿದ್ದರೆ ಸೀಟು ಇಲ್ಲ. ಸರ್ಕಾರದಲ್ಲಿ ಐದೇ ಜನ: ಪ್ರಧಾನಿ, ಉಪಪ್ರಧಾನಿ, ಮೂವರು ಮಂತ್ರಿಗಳು. 2025ರ ಫೆಬ್ರವರಿ ಚುನಾವಣೆಯ ನಂತರ ಏಪ್ರಿಲ್‌ನಲ್ಲಿ ಬ್ರಿಗಿಟ್ಟೆ ಹಾಸ್ ಪ್ರಧಾನಿಯಾದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಅವರು.

ಸಂಸತ್ತಿನ ಮೇಲೆ ಜನರ ನೇರ ಹಿಡಿತ ಜಾಸ್ತಿ. ಸಂಸತ್ತು ಮಾಡಿದ ಕಾನೂನು ಇಷ್ಟವಾಗದಿದ್ದರೆ 1,000 ಸಹಿ ಸಂಗ್ರಹಿಸಿ ಅದನ್ನು ಜನಮತಕ್ಕೆ ಹಾಕಿಸಬಹುದು. ಸಂವಿಧಾನದ ವಿಷಯವಾದರೆ 1,500 ಸಹಿ. ಮತದಾರರು ಒಟ್ಟು ಸುಮಾರು 20 ಸಾವಿರ ಇರುವ ದೇಶದಲ್ಲಿ ಇದು ಕಷ್ಟದ ಕೆಲಸ ಅಲ್ಲ. ಜನ ಇದನ್ನು ಸುಮ್ನೆ ಇಟ್ಟುಕೊಂಡಿಲ್ಲ, ಬಳಸುತ್ತಲೇ ಇರುತ್ತಾರೆ. ಸರ್ಕಾರಿ ರೇಡಿಯೊಗೆ ದುಡ್ಡು ಕೊಡುವುದು ಬೇಡ ಅಂತ 2024ರಲ್ಲಿ ಮತ ಹಾಕಿದರು, ಮುಂದಿನ ವರ್ಷ ರೇಡಿಯೊ ನಿಂತೇ ಹೋಯಿತು.

ಇನ್ನು ದೊರೆಯ ಕಡೆ. ಈಗಿನ ದೊರೆ ಎರಡನೇ ಹಾನ್ಸ್ ಆದಂ, 1989ರಲ್ಲಿ ಪಟ್ಟಕ್ಕೆ ಬಂದವರು. 2004ರ ಆಗಸ್ಟ್‌ನಿಂದ ದಿನನಿತ್ಯದ ಆಡಳಿತವನ್ನು ಮಗ, ಯುವರಾಜ ಅಲೋಯಿಸ್‌ಗೆ ವಹಿಸಿದ್ದಾರೆ. ಪಟ್ಟ ತಂದೆಯದು, ಕೆಲಸ ಮಗನದು. ಯಾವುದೇ ಕಾನೂನು ಜಾರಿಯಾಗಬೇಕಾದರೆ ದೊರೆಯ ಒಪ್ಪಿಗೆ ಬೇಕು. ಆರು ತಿಂಗಳಲ್ಲಿ ಒಪ್ಪಿಗೆ ಬರದಿದ್ದರೆ ಕಾನೂನು ಬಿದ್ದುಹೋದಂತೆ. ಜನಮತದಲ್ಲಿ ಗೆದ್ದ ಕಾನೂನಿಗೂ ಇದೇ ನಿಯಮ. ಸಂಸತ್ತನ್ನು ವಿಸರ್ಜಿಸಬಹುದು, ಸರ್ಕಾರವನ್ನು ವಜಾ ಮಾಡಬಹುದು. ನ್ಯಾಯಾಧೀಶರನ್ನು ಆರಿಸುವ ಸಮಿತಿಗೆ ಅವರೇ ಅಧ್ಯಕ್ಷರು, ಅವರು ಒಪ್ಪದ ಹೆಸರು ಸಂಸತ್ತಿನ ಮುಂದೆ ಹೋಗುವುದೇ ಇಲ್ಲ.

ಇಷ್ಟೆಲ್ಲ ಅಧಿಕಾರ ಇರುವವರಿಗೆ ಖಜಾನೆಯಿಂದ ಎಷ್ಟು ಸಂಬಳ? ಸಂಬಳ ಇಲ್ಲ. ಮನೆತನ ತನ್ನ ಸ್ವಂತ ಆಸ್ತಿಯಿಂದ ಬದುಕುತ್ತದೆ. ಎಲ್‌ಜಿಟಿ ಅನ್ನುವ ದೊಡ್ಡ ಬ್ಯಾಂಕ್ ಅವರದೇ, ವಿಯೆನ್ನಾದಲ್ಲಿ ಅರಮನೆಗಳು ಅವರವೇ, ಚಿತ್ರಸಂಗ್ರಹವಂತೂ ಯುರೋಪಿನ ದೊಡ್ಡ ಖಾಸಗಿ ಸಂಗ್ರಹಗಳಲ್ಲಿ ಒಂದು. ಯುದ್ಧದ ನಂತರ ಕೈ ಬಿಗಿಯಾದಾಗ ಲಿಯೊನಾರ್ಡೊ ಡ ವಿಂಚಿಯ ಒಂದು ಚಿತ್ರವನ್ನು 1967ರಲ್ಲಿ ಅಮೆರಿಕದ ನ್ಯಾಷನಲ್ ಗ್ಯಾಲರಿಗೆ ಮಾರಿದ್ದರು. ದೇಶದ ದುಡ್ಡು ಬೇಡದ ದೊರೆಗೆ ದೇಶದ ಜೊತೆ ಚೌಕಾಸಿ ಮಾಡುವ ಶಕ್ತಿಯೂ ಬರುತ್ತದೆ, ಅಲ್ವಾ?

ಆ ಚೌಕಾಸಿ ನಡೆದದ್ದು ಹೀಗೆ

1990ರ ದಶಕದಲ್ಲಿ ಹಾನ್ಸ್ ಆದಂ ಮತ್ತು ರಾಜಕಾರಣಿಗಳ ನಡುವೆ ತಿಕ್ಕಾಟ ಶುರುವಾಯಿತು. 1995ರಲ್ಲಿ ಹೆರ್ಬರ್ಟ್ ವಿಲ್ಲೆ ಅನ್ನುವ ಹಿರಿಯ ನ್ಯಾಯಾಧೀಶರು ಒಂದು ಉಪನ್ಯಾಸದಲ್ಲಿ, ದೊರೆಗೂ ಸಂಸತ್ತಿಗೂ ಸಂವಿಧಾನದ ಅರ್ಥದ ಬಗ್ಗೆ ಜಗಳ ಬಂದರೆ ಸಾಂವಿಧಾನಿಕ ನ್ಯಾಯಾಲಯ ತೀರ್ಮಾನಿಸಬಹುದು ಅಂದರು. ದೊರೆ ಅವರಿಗೆ ಪತ್ರ ಬರೆದು, ಇನ್ನು ಮುಂದೆ ನಿಮ್ಮನ್ನು ಯಾವ ಹುದ್ದೆಗೂ ನೇಮಿಸುವುದಿಲ್ಲ ಅಂದರು. ವಿಲ್ಲೆ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 1999ರಲ್ಲಿ ಅಲ್ಲಿ ಅವರ ಪರ ತೀರ್ಪು ಬಂತು, ಅವರ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಿದೆ ಅಂತ.

ದೊರೆ ಹಿಂದೆ ಸರಿಯಲಿಲ್ಲ. ತಮ್ಮದೇ ಸಂವಿಧಾನ ತಿದ್ದುಪಡಿಯ ಕರಡು ತಂದು, ಇದನ್ನು ಒಪ್ಪದಿದ್ದರೆ ನಾನು ಮನೆಮಂದಿಯ ಜೊತೆ ವಿಯೆನ್ನಾಕ್ಕೆ ಹೋಗುತ್ತೇನೆ ಅಂದರು. ಸಾಮಾನ್ಯ ರಾಜ ಹೀಗೆ ಹೇಳಿದರೆ ಅದು ಬರೀ ಬೆದರಿಕೆ. ಇವರಿಗೆ ವಿಯೆನ್ನಾದಲ್ಲಿ ನಿಜವಾಗಿಯೂ ಅರಮನೆ ಇತ್ತು. ಯುರೋಪ್ ಮಂಡಳಿಯ ಸಂವಿಧಾನ ತಜ್ಞರ ಸಮಿತಿ, ಅಂದರೆ ವೆನಿಸ್ ಆಯೋಗ, ಈ ಕರಡು ಪ್ರಜಾಪ್ರಭುತ್ವದಲ್ಲಿ ಹಿಂದಕ್ಕೆ ಇಡುವ ಹೆಜ್ಜೆ ಅಂತ ಆಕ್ಷೇಪಿಸಿತು. 2003ರ ಮಾರ್ಚ್ 16ರಂದು ಜನಮತ ನಡೆಯಿತು. ಸುಮಾರು 64% ಜನ ದೊರೆಯ ಪರ ಮತ ಹಾಕಿದರು.

ಹೊರಗಿನ ಪತ್ರಿಕೆಗಳು, ಯುರೋಪಿನಲ್ಲಿ ಜನರೇ ಮತ ಹಾಕಿ ನಿರಂಕುಶ ರಾಜನನ್ನು ಮಾಡಿಕೊಂಡರು ಅಂತ ಬರೆದವು. ಅದು ಅರ್ಧ ಮಾತ್ರ ನಿಜ. ಅದೇ ತಿದ್ದುಪಡಿ ಜನರ ಕೈಗೆ ಮೂರು ಆಯುಧ ಕೊಟ್ಟಿತು. 1,500 ಮತದಾರರು ಸಹಿ ಹಾಕಿದರೆ ದೊರೆಯ ಮೇಲೆ ಅವಿಶ್ವಾಸದ ಮತದಾನ ನಡೆಸಬಹುದು. ಆದರೆ ಅವಿಶ್ವಾಸ ಗೆದ್ದ ಮೇಲೆ ಏನು ಮಾಡಬೇಕು ಅನ್ನುವ ತೀರ್ಮಾನ ರಾಜಮನೆತನದ ಒಳಗೇ ಆಗುತ್ತದೆ, ಹಾಗಾಗಿ ಈ ಆಯುಧ ಸ್ವಲ್ಪ ಮೊಂಡು. ಎರಡನೆಯದು ಹರಿತ: ಅಷ್ಟೇ ಸಹಿಗಳಿಂದ ಅರಸೊತ್ತಿಗೆಯನ್ನೇ ರದ್ದು ಮಾಡುವ ಪ್ರಸ್ತಾಪ ತರಬಹುದು, ಇದಕ್ಕೆ ದೊರೆಯ ವೀಟೊ ನಡೆಯುವುದಿಲ್ಲ. ಮೂರನೆಯದು ಇನ್ನೂ ವಿಚಿತ್ರ. 11 ಪಂಚಾಯಿತಿಗಳಲ್ಲಿ ಯಾವುದಕ್ಕೆ ಬೇಕಾದರೂ ದೇಶ ಬಿಟ್ಟು ಹೋಗುವ ಪ್ರಕ್ರಿಯೆ ಶುರುಮಾಡುವ ಹಕ್ಕಿದೆ. ಇಂಥ ಹಕ್ಕನ್ನು ಸಂವಿಧಾನದಲ್ಲೇ ಬರೆದುಕೊಂಡ ದೇಶಗಳು ತೀರಾ ಅಪರೂಪ.

ಈ ವ್ಯವಸ್ಥೆಗೆ ಪರೀಕ್ಷೆ ಬಂದದ್ದು 2011ರಲ್ಲಿ. ಗರ್ಭಪಾತವನ್ನು ಕೆಲವು ಸಂದರ್ಭಗಳಲ್ಲಿ ಅಪರಾಧದ ಪಟ್ಟಿಯಿಂದ ತೆಗೆಯುವ ಪ್ರಸ್ತಾಪ ಜನಮತಕ್ಕೆ ಬಂತು. ಮತದಾನಕ್ಕೆ ಮೊದಲೇ ಯುವರಾಜ ಅಲೋಯಿಸ್, ಇದು ಗೆದ್ದರೂ ನಾನು ಒಪ್ಪಿಗೆ ಕೊಡುವುದಿಲ್ಲ ಅಂತ ಹೇಳಿಬಿಟ್ಟರು. ಪ್ರಸ್ತಾಪ ಸ್ವಲ್ಪದರಲ್ಲೇ ಸೋತಿತು. ಮತ ಹಾಕುವ ಮೊದಲೇ ಫಲಿತಾಂಶ ಹೇಳಿದರೆ ಮತಕ್ಕೆ ಏನು ಬೆಲೆ ಅಂತ ಕೇಳಿದವರು, ಜನಮತದಲ್ಲಿ ಗೆದ್ದ ಕಾನೂನಿಗೆ ವೀಟೊ ಇರಬಾರದು ಅಂತ ಹೊಸ ಪ್ರಸ್ತಾಪ ತಂದರು. 2012ರ ಜುಲೈ 1ರಂದು ಮತದಾನ. ಸುಮಾರು 76% ಜನ ಬೇಡ ಅಂದರು. ತಮ್ಮ ತೀರ್ಮಾನವನ್ನು ತಳ್ಳಿಹಾಕುವ ಅಧಿಕಾರ ದೊರೆಗೆ ಇರಲಿ ಅಂತ ಜನರೇ ತೀರ್ಮಾನಿಸಿದರು!

ಯಾಕೆ ಹೀಗೆ? ಬೆಂಬಲಿಸುವವರ ವಾದ ಸರಳ: ದೇಶ ಚಿಕ್ಕದು, ಎಲ್ಲರೂ ಎಲ್ಲರಿಗೂ ಗೊತ್ತು, ಪಕ್ಷಗಳ ಒಳಜಗಳಕ್ಕೆ ಸಿಗದ ಒಬ್ಬರು ಮೇಲಿರಬೇಕು, ಹೇಗೂ ಬೇಡವಾದರೆ ತೆಗೆಯುವ ದಾರಿ ಇದೆ. ವಿರೋಧಿಗಳ ಪ್ರಶ್ನೆಯೂ ಅಷ್ಟೇ ಸರಳ: ಒಂದು ಕಾನೂನು ಬೇಕು ಅಂದರೆ ಇಡೀ ರಾಜಮನೆತನವನ್ನೇ ಕಳಿಸಬೇಕಾದ ಸ್ಥಿತಿಯಲ್ಲಿ ಆ ಹಕ್ಕನ್ನು ನಿಜಕ್ಕೂ ಯಾರು ಬಳಸುತ್ತಾರೆ?

ಅಂದಹಾಗೆ ಜನ ಅಂದರೆ ಯಾರು ಅನ್ನುವುದೂ ಇಲ್ಲಿ ಬಹಳ ಕಾಲ ಪ್ರಶ್ನೆಯಾಗಿತ್ತು. ಮಹಿಳೆಯರಿಗೆ ಮತದ ಹಕ್ಕು ಕೊಡೋಣವೇ ಅಂತ 1971ರಲ್ಲಿ, 1973ರಲ್ಲಿ ಕೇಳಿದಾಗ ಗಂಡಸರು ಬೇಡ ಅಂದರು. 1984ರಲ್ಲಿ ಕೊನೆಗೂ ಒಪ್ಪಿದರು, ಅದೂ 51% ಚಿಲ್ಲರೆ ಮತದಿಂದ. ಭಾರತದ ಮಹಿಳೆಯರು ಅಷ್ಟರಲ್ಲಿ ಏಳು ಲೋಕಸಭಾ ಚುನಾವಣೆಗಳಲ್ಲಿ ಮತ ಹಾಕಿಯಾಗಿತ್ತು.

ವಿದೇಶಾಂಗ: ಯಾವುದು ಸ್ವಂತ, ಯಾವುದು ಎರವಲು

ಸ್ವಂತ ರಾಯಭಾರ ಕಚೇರಿಗಳು ಬರ್ನ್, ವಿಯೆನ್ನಾ, ಬರ್ಲಿನ್, ಬ್ರಸೆಲ್ಸ್, ವಾಷಿಂಗ್ಟನ್‌ನಂಥ ಬೆರಳೆಣಿಕೆಯ ಕಡೆ. ಉಳಿದ ಕಡೆಗಳಲ್ಲಿ ಸಾಮಾನ್ಯವಾಗಿ ಸ್ವಿಸ್ ರಾಯಭಾರ ಕಚೇರಿಯೇ ಇವರ ಕೆಲಸ ನೋಡಿಕೊಳ್ಳುತ್ತದೆ. ಸ್ವಿಸ್ ಜೊತೆ ನಂಟು ಎಷ್ಟು ಸಲೀಸು ಅಂದರೆ, 2007ರ ಮಾರ್ಚ್‌ನಲ್ಲಿ ಸುಮಾರು 170 ಸ್ವಿಸ್ ಸೈನಿಕರು ಕತ್ತಲಲ್ಲಿ ದಾರಿ ತಪ್ಪಿ ಗಡಿಯೊಳಗೆ ಬಂದು ವಾಪಸ್ ಹೋದರು. ಬೇರೆ ಕಡೆಯಾಗಿದ್ದರೆ ಯುದ್ಧವೇ ಆಗಬಹುದಿತ್ತು. ಇಲ್ಲಿ ಸ್ವಿಸ್‌ನವರು ಹೇಳುವ ತನಕ ಗೊತ್ತೇ ಆಗಲಿಲ್ಲ.

ಆದರೆ ಎಲ್ಲದಕ್ಕೂ ಸ್ವಿಸ್ ಹಿಂದೆ ಹೋಗುತ್ತಾರೆ ಅಂದುಕೊಳ್ಳಬೇಡಿ. 1990ರಲ್ಲಿ ಲಿಕ್ಟೆನ್‌ಸ್ಟೈನ್ ವಿಶ್ವಸಂಸ್ಥೆ ಸೇರಿತು, ಸ್ವಿಟ್ಜರ್ಲೆಂಡ್ ಸೇರಿದ್ದು 2002ರಲ್ಲಿ. 1991ರಲ್ಲಿ ಎಫ್ಟಾ ಒಕ್ಕೂಟದ ಪೂರ್ಣ ಸದಸ್ಯತ್ವ. ಎಫ್ಟಾ ಅಂದರೆ ಯುರೋಪಿಯನ್ ಒಕ್ಕೂಟದ ಹೊರಗಿರುವ ನಾಲ್ಕು ದೇಶಗಳ ವ್ಯಾಪಾರ ಕೂಟ, ಭಾರತ ಒಪ್ಪಂದ ಮಾಡಿಕೊಂಡಿರುವುದು ಇದರ ಜೊತೆಗೇ.

ನಿಜವಾದ ಕವಲು ಬಂದದ್ದು 1992ರಲ್ಲಿ. ಯುರೋಪಿಯನ್ ಒಕ್ಕೂಟದ ಸದಸ್ಯರಾಗದೆ ಅದರ ಮಾರುಕಟ್ಟೆಯನ್ನು ಮಾತ್ರ ಸೇರುವ ಒಂದು ವ್ಯವಸ್ಥೆ ತಯಾರಾಗಿತ್ತು, ಯುರೋಪಿಯನ್ ಆರ್ಥಿಕ ವಲಯ ಅಂತ. ಡಿಸೆಂಬರ್ 6ರಂದು ಸ್ವಿಸ್ ಜನ ಬೇಡ ಅಂದರು. ಒಂದೇ ವಾರದ ನಂತರ, 13ರಂದು, ಲಿಕ್ಟೆನ್‌ಸ್ಟೈನ್ ಜನ ಬೇಕು ಅಂದರು. ಈಗ ಫಜೀತಿ. ಸ್ವಿಸ್ ಜೊತೆ ಗಡಿಯಲ್ಲಿ ಗೇಟೇ ಇಲ್ಲ, ಆದರೆ ಇವರು ಒಂದು ಮಾರುಕಟ್ಟೆಯ ಒಳಗೆ, ಅವರು ಹೊರಗೆ. ಮಾತುಕತೆಗೆ ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಕೊನೆಗೆ ಸಿಕ್ಕ ದಾರಿ ಹೀಗಿತ್ತು: ಸ್ವಿಸ್ ನಿಯಮಕ್ಕೆ ಹೊಂದುವ ಸರಕು, ಯುರೋಪಿನ ನಿಯಮಕ್ಕೆ ಹೊಂದುವ ಸರಕು, ಎರಡನ್ನೂ ಲಿಕ್ಟೆನ್‌ಸ್ಟೈನ್‌ನಲ್ಲಿ ಮಾರಬಹುದು. ಆದರೆ ಒಂದು ಬಾಗಿಲಿಂದ ಬಂದದ್ದು ಸುಂಕ ತಪ್ಪಿಸಿಕೊಂಡು ಇನ್ನೊಂದು ಬಾಗಿಲಿಂದ ಹೋಗದ ಹಾಗೆ ಅವರೇ ನಿಗಾ ಇಡಬೇಕು. 1995ರಲ್ಲಿ ಮತ್ತೊಮ್ಮೆ ಜನಮತ ಪಡೆದು ಮೇ 1ರಂದು ಒಳಗೆ ಸೇರಿದರು.

ಆ ಮಾರುಕಟ್ಟೆಯ ನಿಯಮದಂತೆ ಒಬ್ಬರು ಇನ್ನೊಬ್ಬರ ದೇಶದಲ್ಲಿ ಹೋಗಿ ನೆಲೆಸಬಹುದು. 40 ಸಾವಿರ ಜನರ ದೇಶಕ್ಕೆ ಅದು ಆಗದ ಮಾತು. ಅದಕ್ಕೆ ವಿಶೇಷ ವಿನಾಯಿತಿ ಪಡೆದರು. ಆ ವಲಯದವರಿಗೆ ವರ್ಷಕ್ಕೆ ಕೊಡಲೇಬೇಕಾದ ವಾಸದ ಪರವಾನಗಿ, ಕೆಲಸ ಮಾಡುವವರಿಗೆ 56, ಕೆಲಸವಿಲ್ಲದೆ ಬಂದಿರುವವರಿಗೆ 16. ಅದರಲ್ಲಿ ಅರ್ಧದಷ್ಟನ್ನು ಲಾಟರಿ ಎತ್ತಿ ಕೊಡುತ್ತಾರೆ. ಇತ್ತ ದೇಶದಲ್ಲಿರುವ ಕೆಲಸಗಳು ಜನಸಂಖ್ಯೆಗಿಂತ ಹೆಚ್ಚು. ಕಟ್ಟಡದ ಡ್ರಿಲ್ ಮಿಷನ್ ಮಾಡುವ ಹಿಲ್ಟಿ, ಹಲ್ಲಿನ ವೈದ್ಯರಿಗೆ ಸಾಮಾನು ಮಾಡುವ ಇವೋಕ್ಲಾರ್ ಇಲ್ಲಿನ ಕಂಪನಿಗಳೇ. ಹಾಗಾಗಿ ಕೆಲಸಗಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬೆಳಿಗ್ಗೆ ಗಡಿ ದಾಟಿ ಬಂದು ಸಂಜೆ ವಾಪಸ್ ಹೋಗುವವರು.

ವಿಶ್ವಸಂಸ್ಥೆಯಲ್ಲಿ ಈ ದೇಶ ತನ್ನ ಗಾತ್ರಕ್ಕೆ ಮೀರಿ ಮಾತಾಡುತ್ತದೆ. ಸಿರಿಯಾದ ಯುದ್ಧಾಪರಾಧಗಳ ಸಾಕ್ಷ್ಯ ಸಂಗ್ರಹಿಸುವ ಸಂಸ್ಥೆಯೊಂದನ್ನು ಭದ್ರತಾ ಮಂಡಳಿಯನ್ನು ಬದಿಗಿಟ್ಟು ಸಾಮಾನ್ಯ ಸಭೆಯ ಮೂಲಕವೇ 2016ರಲ್ಲಿ ಸ್ಥಾಪಿಸುವುದಕ್ಕೆ ಮುಂದಾಳತ್ವ ವಹಿಸಿತ್ತು. 2022ರ ಏಪ್ರಿಲ್‌ನಲ್ಲಿ ಇದರ ನೇತೃತ್ವದಲ್ಲೇ ಇನ್ನೊಂದು ನಿರ್ಣಯ ಪಾಸಾಯಿತು: ಭದ್ರತಾ ಮಂಡಳಿಯಲ್ಲಿ ಯಾರಾದರೂ ವೀಟೊ ಹಾಕಿದರೆ ಹತ್ತು ಕೆಲಸದ ದಿನಗಳೊಳಗೆ ಸಾಮಾನ್ಯ ಸಭೆ ಸೇರಿ ಅದರ ಬಗ್ಗೆ ಚರ್ಚಿಸಬೇಕು. ಮನೆಯಲ್ಲಿ ದೊರೆಯ ವೀಟೊವನ್ನು 76% ಮತದಿಂದ ಉಳಿಸಿಕೊಂಡ ದೇಶವೇ ಹೊರಗೆ ದೊಡ್ಡವರ ವೀಟೊಗೆ ಲೆಕ್ಕ ಕೇಳುವ ನಿಯಮ ತಂದಿತು!

ಜೆಕ್ ಜೊತೆ ಮುಗಿಯದ ವ್ಯಾಜ್ಯ

1945ರಲ್ಲಿ ಚೆಕೊಸ್ಲೊವಾಕಿಯಾ ತನ್ನಲ್ಲಿದ್ದ ಜರ್ಮನ್ನರ ಆಸ್ತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಲಿಕ್ಟೆನ್‌ಸ್ಟೈನ್ ಮನೆತನವನ್ನೂ ಜರ್ಮನ್ನರ ಲೆಕ್ಕಕ್ಕೇ ಸೇರಿಸಿತು. ನಾವು ತಟಸ್ಥ ದೇಶದವರು, ಜರ್ಮನ್ನರಲ್ಲ ಅನ್ನುವುದು ಇವರ ವಾದ. ಹೋದ ಭೂಮಿ ಸುಮಾರು 1,600 ಚದರ ಕಿಲೋಮೀಟರ್, ಅಂದರೆ ಇವರ ಇಡೀ ದೇಶದ ಹತ್ತರಷ್ಟು. ಅದರಲ್ಲಿ ಲೆಡ್ನಿಸೆ ಮತ್ತು ವಾಲ್ಟಿಸೆ ಅರಮನೆಗಳೂ ಇದ್ದವು, ಈಗ ಅವು ಯುನೆಸ್ಕೊ ಪಟ್ಟಿಯಲ್ಲಿವೆ. ಈ ಸಿಟ್ಟಿನಲ್ಲಿ ಎರಡು ದೇಶಗಳು ದಶಕಗಟ್ಟಲೆ ಪರಸ್ಪರ ಮುಖ ನೋಡಲಿಲ್ಲ. ರಾಜತಾಂತ್ರಿಕ ಸಂಬಂಧ ಶುರುವಾದದ್ದು 2009ರಲ್ಲಿ. ಅದಾದ ಮೇಲೂ 2020ರಲ್ಲಿ ಲಿಕ್ಟೆನ್‌ಸ್ಟೈನ್ ಸ್ಟ್ರಾಸ್‌ಬರ್ಗ್ ನ್ಯಾಯಾಲಯದಲ್ಲಿ ಜೆಕ್ ಗಣರಾಜ್ಯದ ಮೇಲೆ ಕೇಸು ಹಾಕಿತು.

ಭಾರತಕ್ಕೆ ಈ ಹೆಸರು ಹೊಸದಲ್ಲ

ಕಪ್ಪುಹಣದ ಚರ್ಚೆ ಜೋರಾಗಿದ್ದ ಕಾಲದಲ್ಲಿ ಟಿವಿ ನೋಡಿದವರಿಗೆ ಈ ಹೆಸರು ಕಿವಿಗೆ ಬಿದ್ದಿರಲೇಬೇಕು. 1926ರಷ್ಟು ಹಿಂದೆಯೇ ಲಿಕ್ಟೆನ್‌ಸ್ಟೈನ್ ಕಂಪನಿ, ಟ್ರಸ್ಟ್, ಪ್ರತಿಷ್ಠಾನಗಳಿಗೆ ಬಹಳ ಸಡಿಲವಾದ ಕಾನೂನು ಮಾಡಿತ್ತು. ಇಲ್ಲಿನ ಪ್ರತಿಷ್ಠಾನ ಹೀಗೆ ಕೆಲಸ ಮಾಡುತ್ತಿತ್ತು: ನಿಮ್ಮ ಹಣವನ್ನು ಒಂದು ಪ್ರತಿಷ್ಠಾನಕ್ಕೆ ವರ್ಗಾಯಿಸುತ್ತೀರಿ, ಕಾನೂನಿನ ಪ್ರಕಾರ ಅದು ಈಗ ನಿಮ್ಮದಲ್ಲ, ಪ್ರತಿಷ್ಠಾನದ್ದು. ಲಾಭ ಯಾರಿಗೆ ಹೋಗುತ್ತದೆ ಅನ್ನುವುದು ಗುಟ್ಟು. ನಿಮ್ಮ ದೇಶದ ತೆರಿಗೆ ಇಲಾಖೆಗೆ ಅಲ್ಲಿ ನಿಮ್ಮ ಹೆಸರೇ ಸಿಗುವುದಿಲ್ಲ.

2008ರಲ್ಲಿ ಇದು ಒಡೆಯಿತು. ದೊರೆಯ ಮನೆತನದ ಎಲ್‌ಜಿಟಿಯಲ್ಲಿ ಕೆಲಸ ಮಾಡಿದ್ದವನೊಬ್ಬ ಗ್ರಾಹಕರ ಮಾಹಿತಿ ಕದ್ದು ಜರ್ಮನಿಯ ಗುಪ್ತಚರ ಸಂಸ್ಥೆಗೆ ಮಾರಿದ. ಜರ್ಮನಿಯಲ್ಲಿ ಅಂಚೆ ಸಂಸ್ಥೆಯ ಮುಖ್ಯಸ್ಥರೇ ರಾಜೀನಾಮೆ ಕೊಡಬೇಕಾಯಿತು. ಆ ಮಾಹಿತಿಯಲ್ಲಿದ್ದ ಭಾರತೀಯರ ಹೆಸರುಗಳನ್ನು ಜರ್ಮನಿ 2009ರಲ್ಲಿ ಭಾರತಕ್ಕೆ ಕೊಟ್ಟಿತು. ಹೆಸರು ಬಹಿರಂಗ ಮಾಡಿ ಅಂತ ಕೇಳಿದಾಗ ಕೇಂದ್ರ ಸರ್ಕಾರ ತೆರಿಗೆ ಒಪ್ಪಂದದ ಗೌಪ್ಯತೆ ಮುಂದಿಟ್ಟಿತು, ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ಒಪ್ಪಲಿಲ್ಲ, 2014ರ ಏಪ್ರಿಲ್‌ನಲ್ಲಿ ಹೆಸರುಗಳು ಕೋರ್ಟಿಗೆ ಸಲ್ಲಿಕೆಯಾದವು.

ಲಿಕ್ಟೆನ್‌ಸ್ಟೈನ್ ಕೂಡ ಬದಲಾಯಿತು. 2009ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ತೆರಿಗೆ ಪಾರದರ್ಶಕತೆಯ ನಿಯಮಗಳನ್ನು ಒಪ್ಪಿಕೊಳ್ಳುವುದಾಗಿ ಘೋಷಿಸಿತು. 2013ರ ಮಾರ್ಚ್‌ನಲ್ಲಿ ಭಾರತದ ಜೊತೆ ತೆರಿಗೆ ಮಾಹಿತಿ ವಿನಿಮಯ ಒಪ್ಪಂದಕ್ಕೆ ಸಹಿ ಹಾಕಿತು. ಬಹಳ ವರ್ಷ ದೂರವೇ ಇದ್ದ ಐಎಂಎಫ್‌ಗೆ, ಜನಮತದಲ್ಲಿ ಒಪ್ಪಿಗೆ ಪಡೆದು, 2024ರ ಅಕ್ಟೋಬರ್‌ನಲ್ಲಿ 191ನೇ ಸದಸ್ಯನಾಗಿ ಸೇರಿತು.

ಈಗಿನ ಒಪ್ಪಂದದಲ್ಲಿ ಇದರ ಪಾತ್ರ ಏನು?

2024ರ ಮಾರ್ಚ್ 10ರಂದು ದೆಹಲಿಯಲ್ಲಿ ಸಹಿಯಾದ ಒಪ್ಪಂದದಂತೆ, ಎಫ್ಟಾ ದೇಶಗಳು 15 ವರ್ಷಗಳಲ್ಲಿ ಭಾರತಕ್ಕೆ 100 ಬಿಲಿಯನ್ ಡಾಲರ್ ಹೂಡಿಕೆ ತರುವ ಗುರಿ ಇಟ್ಟುಕೊಂಡಿವೆ. ಅದರಲ್ಲಿ ಲಿಕ್ಟೆನ್‌ಸ್ಟೈನ್ ಕಡೆಯಿಂದ ದೊಡ್ಡ ಮೊತ್ತ ನಿರೀಕ್ಷಿಸುವುದು ಕಷ್ಟ. ಸರಕಿನ ವಿಷಯದಲ್ಲಿ ಅದಕ್ಕೆ ಬೇರೆ ಲೆಕ್ಕವೂ ಇಲ್ಲ. 1923ರ ಸುಂಕ ಒಪ್ಪಂದ ಇನ್ನೂ ಜಾರಿಯಲ್ಲಿರುವುದರಿಂದ ಭಾರತದಿಂದ ಹೋಗುವ ವಸ್ತುವಿಗೆ ಸ್ವಿಟ್ಜರ್ಲೆಂಡ್‌ನ ಸುಂಕವೇ ಇದರ ಸುಂಕ. ಸೇವಾ ವಲಯ ಬೇರೆ. ಐಟಿ, ವೃತ್ತಿಪರ ಸೇವೆಗಳಂಥ ವಿಷಯಗಳಲ್ಲಿ ನಾಲ್ಕೂ ದೇಶಗಳು ತಮ್ಮ ತಮ್ಮ ಪಟ್ಟಿ ಕೊಟ್ಟಿವೆ. ಸ್ವಿಟ್ಜರ್ಲೆಂಡ್ 128 ಉಪವಲಯಗಳಲ್ಲಿ ಭಾರತಕ್ಕೆ ಬಾಗಿಲು ತೆರೆಯುವ ಮಾತು ಕೊಟ್ಟಿದೆ, ನಾರ್ವೆ 114, ಐಸ್‌ಲ್ಯಾಂಡ್ 110. ಲಿಕ್ಟೆನ್‌ಸ್ಟೈನ್ ತನ್ನದೇ ಬೇರೆ ಪಟ್ಟಿ ಕೊಟ್ಟಿದೆ, ಅದರಲ್ಲಿ 107 ಇವೆ.